ಡೆಕ್ (ಹಿತ್ತಲಿನ ಅಟ್ಟಣೆ)

ಡೆಕ್ ಎಂಬುದು ಮನೆಯ ಹೊರಗೋಡೆಗೆ ಹೊಂದಿಕೊಂಡಂತೆ ಅಥವಾ ಹಿತ್ತಲಿನಲ್ಲಿ ಪ್ರತ್ಯೇಕವಾಗಿ, ನೆಲಮಟ್ಟಕ್ಕಿಂತ ಎತ್ತರದಲ್ಲಿ ನಿರ್ಮಿಸುವ ಮರದ ಅಟ್ಟಣೆ. ಸಾಮಾನ್ಯವಾಗಿ ಇದಕ್ಕೆ ಮೇಲ್ಛಾವಣಿ ಇರುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾದ ಉಪನಗರಗಳ ಮನೆಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಬೇಸಿಗೆಯ ಊಟೋಪಚಾರ, ಬಿಡುವಿನ ಹರಟೆ ಮತ್ತು ಕೂಟಗಳಿಗೆ ಇದನ್ನು ಬಳಸುತ್ತಾರೆ. ಕರ್ನಾಟಕದ ಮನೆಗಳ ಜಗಲಿಯೂ ಇಂತಹುದೇ ಉಪಯೋಗಕ್ಕೆ ಒದಗುತ್ತದೆಯಾದರೂ, ಜಗಲಿಯು ಮಾಡಿನ ಕೆಳಗೆ ಗಟ್ಟಿ ನೆಲದ ಮೇಲಿರುತ್ತದೆ. ಡೆಕ್ ಮಳೆ ಬಿಸಿಲುಗಳಿಗೆ ತೆರೆದುಕೊಂಡು ಕಂಬಗಳ ಮೇಲೆ ನಿಂತಿರುತ್ತದೆ. ಅನೇಕ ಮನೆಮಾಲೀಕರು ಇದನ್ನು ರಜೆಯ ದಿನಗಳಲ್ಲಿ ಸ್ವತಃ ನಿರ್ಮಿಸಿಕೊಳ್ಳುತ್ತಾರೆ.

ಹಿನ್ನೆಲೆ

'ಡೆಕ್' ಎಂಬ ಪದವು ಹಡಗಿನ ಹಲಗೆಯ ನೆಲವನ್ನು ಸೂಚಿಸುವ ಪದದಿಂದ ಬಂದಿದೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಉಪನಗರಗಳು ಬೆಳೆದಂತೆ ಹಿತ್ತಲು ಕುಟುಂಬದ ವಿಹಾರಸ್ಥಳವಾಯಿತು. ಕ್ಯಾಲಿಫೋರ್ನಿಯಾದ ಭೂದೃಶ್ಯ ವಿನ್ಯಾಸಕಾರ ಥಾಮಸ್ ಚರ್ಚ್ ತಮ್ಮ ಉದ್ಯಾನಗಳಲ್ಲಿ ಮರದ ಡೆಕ್‌ಗಳನ್ನು ಬಳಸಿದರು. ಅವರು 1948ರಲ್ಲಿ ಸೊನೊಮಾದಲ್ಲಿ ರೂಪಿಸಿದ ಡೊನೆಲ್ ಉದ್ಯಾನದಲ್ಲಿ ಓಕ್ ಮರಗಳನ್ನು ಕಡಿಯದೆ ಅವುಗಳ ಸುತ್ತಲೂ ಡೆಕ್ ನಿರ್ಮಿಸಲಾಗಿದೆ.

ರಚನೆ

ಡೆಕ್‌ನ ಭಾರವು ಹಲಗೆಗಳಿಂದ ಜಂತಿಗಳಿಗೆ, ಜಂತಿಗಳಿಂದ ತೊಲೆಗೆ, ತೊಲೆಯಿಂದ ಕಂಬಗಳಿಗೆ, ಕಂಬಗಳಿಂದ ಕಾಂಕ್ರೀಟ್ ಅಡಿಪಾಯಕ್ಕೆ ಇಳಿಯುತ್ತದೆ. ಜಂತಿಗಳ ನಡುವೆ ಸಾಮಾನ್ಯವಾಗಿ 16 ಅಂಗುಲ ಅಂತರವಿರುತ್ತದೆ. ಮನೆಗೆ ಹೊಂದಿಕೊಂಡ ಡೆಕ್‌ನಲ್ಲಿ ಜಂತಿಗಳ ಒಂದು ತುದಿಯನ್ನು ಹೊರಗೋಡೆಗೆ ಜೋಡಿಸಿದ 'ಲೆಡ್ಜರ್' ಎಂಬ ಹಲಗೆ ಹೊರುತ್ತದೆ. ಅಟ್ಟಣೆಯ ಸರಿಸುಮಾರು ಅರ್ಧ ಭಾರ ಇದರ ಮೇಲೆ ಬೀಳುವುದರಿಂದ ಇದು ರಚನೆಯ ಅತ್ಯಂತ ನಿರ್ಣಾಯಕ ಭಾಗ.

ಲೆಡ್ಜರ್ ಹಲಗೆಯನ್ನು ಮನೆಯ ಚೌಕಟ್ಟಿಗೆ ಬೋಲ್ಟ್ ಅಥವಾ ದಪ್ಪ ತಿರುಪುಗಳಿಂದ ಬಿಗಿಯಬೇಕು. ಕೇವಲ ಮೊಳೆಗಳನ್ನು ನೆಚ್ಚಿದರೆ, ಭಾರ ಮತ್ತು ಅಲುಗಾಟಕ್ಕೆ ಅವು ಕ್ರಮೇಣ ಹೊರಗೆ ಜಾರುತ್ತವೆ. ಗೋಡೆ ಮತ್ತು ಹಲಗೆಯ ಸಂದಿಗೆ ಮಳೆನೀರು ಇಳಿಯದಂತೆ 'ಫ್ಲ್ಯಾಶಿಂಗ್' ಎಂಬ ತಗಡಿನ ಹೊದಿಕೆಯನ್ನೂ ಅಳವಡಿಸಬೇಕು. ಇದಿಲ್ಲದಿದ್ದರೆ ಗೋಡೆಯೊಳಗಿನ ಮರ ಹೊರಗೆ ಕಾಣದಂತೆ ಕೊಳೆಯುತ್ತದೆ.

ಚಳಿ ಪ್ರದೇಶಗಳಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಅಡಿಪಾಯವನ್ನೇ ಮೇಲಕ್ಕೆತ್ತಬಲ್ಲದು. ಆದ್ದರಿಂದ ನೀರು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಅಡಿಪಾಯವನ್ನು ಇಳಿಸಲಾಗುತ್ತದೆ. ಮಿನ್ನೆಸೋಟ ರಾಜ್ಯದ ನಿಯಮಗಳಲ್ಲಿ ಈ ಆಳವು ದಕ್ಷಿಣ ಭಾಗಕ್ಕೆ 42 ಅಂಗುಲ, ಉತ್ತರ ಭಾಗಕ್ಕೆ 60 ಅಂಗುಲ.

ಸಾಮಗ್ರಿಗಳು

ಒತ್ತಡದಲ್ಲಿ ಸಂರಕ್ಷಕ ರಾಸಾಯನಿಕವನ್ನು ಹೀರಿಸಿದ ಪೈನ್ ಮರ ಅಗ್ಗವಾದುದು ಮತ್ತು ವ್ಯಾಪಕ ಬಳಕೆಯಲ್ಲಿರುವುದು. ಸೀಡರ್ ಮತ್ತು ರೆಡ್‌ವುಡ್ ಮರಗಳ ತಿರುಳು ಸಹಜವಾಗಿಯೇ ಕೊಳೆತವನ್ನು ತಡೆಯುತ್ತದೆ. ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ ಹಲಗೆಗಳೂ ಬಳಕೆಯಲ್ಲಿವೆ.

ಹಿಂದೆ ಸಂರಕ್ಷಕವಾಗಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಇರುವ ಮಿಶ್ರಣವನ್ನು ಬಳಸಲಾಗುತ್ತಿತ್ತು. ಅಮೆರಿಕದಲ್ಲಿ 2003ರ ಕೊನೆಗೆ ವಸತಿ ಬಳಕೆಗಾಗಿ ಇದರ ಉತ್ಪಾದನೆಯನ್ನು ನಿಲ್ಲಿಸಲಾಯಿತು. ನಂತರ ಬಂದ ಸಂರಕ್ಷಕಗಳಲ್ಲಿ ತಾಮ್ರದ ಪ್ರಮಾಣ ಹೆಚ್ಚಿರುವುದರಿಂದ ಅವು ಸಾಮಾನ್ಯ ಮೊಳೆಗಳನ್ನು ಬೇಗ ಸವೆಸುತ್ತವೆ. ಹೀಗಾಗಿ ಸತುವಿನ ದಪ್ಪ ಲೇಪನವಿರುವ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಮೊಳೆ, ತಿರುಪುಗಳು ಅಗತ್ಯ. ಇಂತಹ ಮರದ ಚೂರುಗಳನ್ನು ಸುಟ್ಟರೆ ವಿಷಕಾರಿ ಹೊಗೆ ಮತ್ತು ಬೂದಿ ಉಂಟಾಗುವುದರಿಂದ ಅವುಗಳನ್ನು ಸುಡಬಾರದು.

ನಿಯಮಗಳು

ಅಮೆರಿಕದ ಬಹುತೇಕ ಸ್ಥಳೀಯಾಡಳಿತಗಳು ಅಂತರರಾಷ್ಟ್ರೀಯ ವಸತಿ ಸಂಹಿತೆಯನ್ನು (ಐಆರ್‌ಸಿ) ಕೆಲವು ತಿದ್ದುಪಡಿಗಳೊಂದಿಗೆ ಅನುಸರಿಸುತ್ತವೆ. ಈ ಸಂಹಿತೆಯ ಪ್ರಕಾರ ಡೆಕ್ ಪ್ರತಿ ಚದರ ಅಡಿಗೆ ಕನಿಷ್ಠ 40 ಪೌಂಡ್ ಬಳಕೆಯ ಭಾರವನ್ನು ತಾಳಬೇಕು. ನೆಲದಿಂದ 30 ಅಂಗುಲಕ್ಕಿಂತ ಹೆಚ್ಚು ಎತ್ತರವಿದ್ದರೆ ಕನಿಷ್ಠ 36 ಅಂಗುಲದ ರೇಲಿಂಗ್ ಕಡ್ಡಾಯ. ಮಕ್ಕಳು ನುಸುಳಿ ಬೀಳದಂತೆ, 4 ಅಂಗುಲ ವ್ಯಾಸದ ಗೋಳವೂ ತೂರದಷ್ಟು ಕಿರಿದಾದ ಸಂದುಗಳನ್ನು ಮಾತ್ರ ರೇಲಿಂಗ್‌ನಲ್ಲಿ ಬಿಡಬಹುದು.

ವಿಸ್ತೀರ್ಣ 200 ಚದರ ಅಡಿ ಮೀರದ, 30 ಅಂಗುಲಕ್ಕಿಂತ ಎತ್ತರವಿಲ್ಲದ, ಮನೆಗೆ ಜೋಡಿಸದ ಮತ್ತು ಮನೆಯ ಮುಖ್ಯ ನಿರ್ಗಮನ ಬಾಗಿಲಿಗೆ ದಾರಿಯಾಗಿರದ ಡೆಕ್‌ಗೆ ಈ ಸಂಹಿತೆಯು ಪರವಾನಗಿಯಿಂದ ವಿನಾಯಿತಿ ನೀಡುತ್ತದೆ. ಸ್ಥಳೀಯ ನಿಯಮಗಳು ಇದಕ್ಕಿಂತ ಕಠಿಣವಾಗಿರಬಹುದು.

ದೀರ್ಘ ವಾರಾಂತ್ಯದ ನಿರ್ಮಾಣ

ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇ ಮತ್ತು ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇ ರಜೆಗಳು ಮೂರು ದಿನಗಳ ಬಿಡುವು ನೀಡುವುದರಿಂದ ಇಂತಹ ಕೆಲಸಕ್ಕೆ ಅನುಕೂಲಕರ. ಆದರೆ ಕೆಲಸದ ಎಲ್ಲ ಹಂತಗಳೂ ಮೂರು ದಿನಗಳಲ್ಲಿ ಮುಗಿಯುವಂಥವಲ್ಲ.

ಗುಂಡಿ ತೋಡುವ ಕೆಲವು ದಿನಗಳ ಮೊದಲೇ 811 ಸಂಖ್ಯೆಗೆ ಕರೆ ಮಾಡಿದರೆ ನೆಲದಡಿಯ ಅನಿಲ, ವಿದ್ಯುತ್ ಮುಂತಾದ ಮಾರ್ಗಗಳನ್ನು ಉಚಿತವಾಗಿ ಗುರುತು ಮಾಡಿಕೊಡಲಾಗುತ್ತದೆ. ಪರವಾನಗಿ ಪಡೆದ ಕೆಲಸದಲ್ಲಿ ಸಾಮಾನ್ಯವಾಗಿ ಕಾಂಕ್ರೀಟ್ ಸುರಿಯುವ ಮೊದಲು ತಪಾಸಣಾಧಿಕಾರಿಯು ಗುಂಡಿಗಳನ್ನು ಪರಿಶೀಲಿಸಬೇಕು. ರಜಾದಿನಗಳಲ್ಲಿ ಕಚೇರಿಗಳು ಮುಚ್ಚಿರುತ್ತವೆ. ಸುರಿದ ಕಾಂಕ್ರೀಟು ಗಟ್ಟಿಯಾಗಲು ದಿನಗಳು ಬೇಕಾಗುತ್ತವೆ. ಅದರ ಬಲವನ್ನು ಸಾಮಾನ್ಯವಾಗಿ 28ನೆಯ ದಿನದ ಅಳತೆಯಿಂದ ನಿರ್ಧರಿಸಲಾಗುತ್ತದೆ.

ಆದಕಾರಣ ಅಡಿಪಾಯ ಮತ್ತು ತಪಾಸಣೆಗಳನ್ನು ಹಿಂದಿನ ವಾರಗಳಲ್ಲೇ ಮುಗಿಸಿ, ಮೊದಲ ದಿನ ಲೆಡ್ಜರ್, ಕಂಬ ಮತ್ತು ತೊಲೆಗಳಿಗೆ, ಎರಡನೆಯ ದಿನ ಜಂತಿಗಳಿಗೆ, ಮೂರನೆಯ ದಿನ ಹಲಗೆ, ಮೆಟ್ಟಿಲು ಹಾಗೂ ರೇಲಿಂಗ್‌ಗೆ ಮೀಸಲಿಡುವುದು ಕಾರ್ಯಸಾಧ್ಯ ಕ್ರಮ. ಚೌಕಟ್ಟನ್ನು ತಪಾಸಣೆಗೆ ಒಳಪಡಿಸಬೇಕಾದ ಕಡೆ, ಅದು ಮುಗಿಯುವವರೆಗೆ ಹಲಗೆಗಳನ್ನು ಹೊದಿಸುವಂತಿಲ್ಲ.

ಕುಸಿತಗಳು

ಡೆಕ್‌ಗಳ ಕುಸಿತಕ್ಕೆ ಲೆಡ್ಜರ್ ಜೋಡಣೆಯ ವೈಫಲ್ಯ ಪ್ರಮುಖ ಕಾರಣಗಳಲ್ಲೊಂದು. ಕೆಲವೇ ಜನರ ಭಾರವನ್ನು ವರ್ಷಗಟ್ಟಲೆ ತಾಳಿದ ದುರ್ಬಲ ಜೋಡಣೆಯು, ಕೂಟವೊಂದರಲ್ಲಿ ಅನೇಕರು ಒಟ್ಟಿಗೆ ನಿಂತಾಗ ಮುನ್ಸೂಚನೆಯಿಲ್ಲದೆ ಕಳಚಬಹುದು.

ಬಹುಮಹಡಿ ಕಟ್ಟಡಗಳ ಇಂತಹುದೇ ಮರದ ರಚನೆಗಳಲ್ಲಿ ಗಂಭೀರ ದುರಂತಗಳು ಸಂಭವಿಸಿವೆ. 2003ರ ಜೂನ್ 29ರಂದು ಷಿಕಾಗೋದ ಲಿಂಕನ್ ಪಾರ್ಕ್ ಪ್ರದೇಶದಲ್ಲಿ ಔತಣಕೂಟದ ವೇಳೆ ಕಟ್ಟಡವೊಂದರ ಹಿಂಭಾಗದ ಮರದ ಮೊಗಸಾಲೆಗಳು ಕುಸಿದು 13 ಮಂದಿ ಸತ್ತರು. 2015ರ ಜೂನ್ 16ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಳಗೆ ತೇವ ಸೇರಿ ಜಂತಿಗಳು ಕೊಳೆತಿದ್ದ ಬಾಲ್ಕನಿ ಮುರಿದು ಆರು ಮಂದಿ ಸತ್ತರು. ಇದರ ನಂತರ ಕ್ಯಾಲಿಫೋರ್ನಿಯಾ 2018ರಲ್ಲಿ ಮೂರು ಅಥವಾ ಹೆಚ್ಚು ವಸತಿಗಳಿರುವ ಕಟ್ಟಡಗಳ ಬಾಲ್ಕನಿ ಮತ್ತು ಡೆಕ್‌ಗಳ ನಿಯತಕಾಲಿಕ ತಪಾಸಣೆಗೆ ಕಾನೂನು ರೂಪಿಸಿತು.

ನಿರ್ವಹಣೆ

ವರ್ಷಕ್ಕೊಮ್ಮೆಯಾದರೂ ಡೆಕ್‌ನ ಅಡಿಭಾಗವನ್ನು ಪರೀಕ್ಷಿಸುವುದು ಸೂಕ್ತ. ಮೊನಚಾದ ಉಪಕರಣದಿಂದ ಚುಚ್ಚಿದಾಗ ಮರವು ಮೆತ್ತಗೆ ಒಳಸರಿದರೆ ಅದು ಕೊಳೆತದ ಲಕ್ಷಣ. ತುಕ್ಕು ಹಿಡಿದ ಬೋಲ್ಟ್‌ಗಳು, ಅಲುಗುವ ರೇಲಿಂಗ್ ಮತ್ತು ಗೋಡೆಯಿಂದ ದೂರ ಸರಿದ ಲೆಡ್ಜರ್ ಹಲಗೆ ಅಪಾಯದ ಸೂಚನೆಗಳು. ಮೇಲಿನ ಹಲಗೆಗಳಿಗೆ ಬಣ್ಣ ಬಳಿಯುವುದರಿಂದ ಈ ದೋಷಗಳು ಸರಿಹೋಗುವುದಿಲ್ಲ. ಇಂತಹ ಸೂಚನೆಗಳು ಕಂಡಲ್ಲಿ ದುರಸ್ತಿಯಾಗುವವರೆಗೆ ಡೆಕ್‌ನ ಬಳಕೆಯನ್ನು ನಿಲ್ಲಿಸಬೇಕು.