ಇಪ್ಪತ್ನಾಲ್ಕು ದನಿಗಳ ತಂತಿ

ನಮ್ಮ ಸದಸ್ಯರಲ್ಲಿ ಸ್ವಂತ ಕ್ಲಿನಿಕ್ಕು, ಅಂಗಡಿ, ಮೋಟೆಲ್ಲು ನಡೆಸುವವರು ಕಡಿಮೆಯೇನಿಲ್ಲ. ವ್ಯವಹಾರಕ್ಕೆಂದೇ ಒಂದು ಪ್ರತ್ಯೇಕ ಡಿಜಿಟಲ್ ಲೈನ್ ಬೇಕೆ, ಬೇಕಾದರೆ ಎಂಥದ್ದು ಎಂಬ ಪ್ರಶ್ನೆ ಇವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುತ್ತದೆ. ಈ ಪ್ರಶ್ನೆಯ ಹಿಂದಿನ ಚರಿತ್ರೆ ಗೊತ್ತಿದ್ದರೆ ಮಾರಾಟಗಾರನ ಮಾತನ್ನು ತೂಗಿ ನೋಡುವುದು ಸುಲಭ.

1937ರ ಸುಮಾರಿಗೆ ಪ್ಯಾರಿಸ್ಸಿನಲ್ಲಿದ್ದ ಆಂಗ್ಲ ಎಂಜಿನಿಯರ್ ಅಲೆಕ್ ರೀವ್ಸ್, ದನಿಯನ್ನು ಅಲೆಯಾಗಿ ಕಳಿಸುವ ಬದಲು ಅಂಕೆಗಳಾಗಿ ಒಡೆದು ಕಳಿಸುವ ಉಪಾಯ ಕಂಡುಹಿಡಿದರು. ಅಲೆಯನ್ನು ದಾರಿಯಲ್ಲಿ ಹಿಗ್ಗಿಸಿದರೆ ಗದ್ದಲವೂ ಜೊತೆಗೇ ಹಿಗ್ಗುತ್ತದೆ. ಅಂಕೆಯಾದರೆ, ಮಸುಕಾದದ್ದನ್ನು ಅಳಿಸಿ ಹೊಸದಾಗಿ ಬರೆದು ಮುಂದಕ್ಕೆ ಕಳಿಸಬಹುದು. ಆದರೆ ಆಗಿನ ವ್ಯಾಕ್ಯೂಮ್ ಟ್ಯೂಬುಗಳಲ್ಲಿ ಇದು ಕೈಗೆಟುಕುವ ಬೆಲೆಗೆ ಆಗುವ ಕೆಲಸವಾಗಿರಲಿಲ್ಲ. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟುವವರೆಗೆ ಕಾಯಬೇಕಾಯಿತು.

1962ರಲ್ಲಿ ಅಮೆರಿಕದ ಬೆಲ್ ಸಂಸ್ಥೆ ಟಿ-1 ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದಿತು. ಊರುಗಳ ರಸ್ತೆಗಳಡಿಯ ಕೊಳವೆಗಳು ತಂತಿಗಳಿಂದ ತುಂಬಿಹೋಗಿದ್ದವು. ರಸ್ತೆ ಅಗೆಯುವ ಬದಲು ಇದ್ದ ತಂತಿಯಲ್ಲೇ ಹೆಚ್ಚು ಮಾತು ತುಂಬಿಸಬೇಕಿತ್ತು. ಲೆಕ್ಕ ಹೀಗಿದೆ: ಸೆಕೆಂಡಿಗೆ 8000 ಸಲ ದನಿಯ ಮಾದರಿ, ಒಂದೊಂದಕ್ಕೆ 8 ಬಿಟ್, ಅಂದರೆ ಒಂದು ದನಿಗೆ 64 ಸಾವಿರ ಬಿಟ್. ಇಂಥ 24 ದನಿಗಳು, ಜೊತೆಗೆ ತಾಳ ತಪ್ಪದಿರಲು ಸೆಕೆಂಡಿಗೆ 8000 ಬಿಟ್. ಒಟ್ಟು 15 ಲಕ್ಷ 44 ಸಾವಿರ. ಎರಡು ಜೊತೆ ತಾಮ್ರದ ತಂತಿಯಲ್ಲಿ 24 ಸಂಭಾಷಣೆ! 6000 ಅಡಿಗೊಂದರಂತೆ ಮರುಬರವಣಿಗೆಯ ಪೆಟ್ಟಿಗೆಗಳನ್ನಿಟ್ಟರು. ಆ ಅಂತರದಲ್ಲಿ ಹಳೆಯ ಸುರುಳಿಗಳಿಗೆಂದು ಮ್ಯಾನ್‌ಹೋಲುಗಳು ಮೊದಲೇ ಇದ್ದವು. ಎಂಜಿನಿಯರುಗಳ ಈ ಜಿಪುಣತನ ನಮಗೆ ಬಹಳ ಮೆಚ್ಚಿಗೆಯಾದದ್ದು.

ಮೊದಲಿಗೆ ಇದು ಫೋನ್ ಕಂಪನಿಯ ಒಳಗಿನ ಸಂಗತಿ. 1980ರ ದಶಕದಲ್ಲಿ ಗಿರಾಕಿಗಳೂ ಬಾಡಿಗೆಗೆ ಪಡೆಯುವಂತಾಯಿತು. ಅಷ್ಟು ತೆರಲಾರದವರಿಗೆ ಐಎಸ್‌ಡಿಎನ್ ಬಂತು; ಅದರ ಎರಡು ಕಾಲುವೆ ಸೇರಿದರೆ 128 ಸಾವಿರ ಬಿಟ್.

ವೈದ್ಯರಾದ ನಮಗೆ ಇದು ಬೇಕಾದದ್ದು ಮಾತಿಗಲ್ಲ, ಚಿತ್ರಕ್ಕೆ. ನೂರು ಪದರಗಳ ಒಂದು ಸಿಟಿ ಸ್ಕ್ಯಾನ್, ಕುಗ್ಗಿಸದಿದ್ದರೆ, ಸುಮಾರು 42 ಕೋಟಿ ಬಿಟ್. ಫೋನ್ ಮೋಡೆಮ್‌ನಲ್ಲಿ ಎರಡು ತಾಸಿಗೂ ಹೆಚ್ಚು, ಐಎಸ್‌ಡಿಎನ್‌ನಲ್ಲಿ 55 ನಿಮಿಷ, ಟಿ-1ರಲ್ಲಿ ನಾಲ್ಕೂವರೆ ನಿಮಿಷ. ಮೆದುಳಿನ ರಕ್ತನಾಳ ಕಟ್ಟಿಕೊಂಡ ರೋಗಿಯಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಅಂದಾಜು ಮಾಡಿದರು. ಲೈನಿನ ಬಾಡಿಗೆ ದುಬಾರಿಯೆಂದು ಗೊಣಗುವವರು ಈ ಲೆಕ್ಕವನ್ನೂ ನೋಡಬೇಕು.

ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿಗೆ ಬಂದಾಗ ನೆಲದ ತಂತಿಯನ್ನು ನೆಚ್ಚಿಕೊಳ್ಳದೆ ತನ್ನದೇ ಉಪಗ್ರಹ ಸಂಪರ್ಕ ಹಾಕಿಸಿಕೊಂಡಿತು. ಅದರ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂದ ಕತೆ ಪ್ರಸಿದ್ಧ. 2002ರಲ್ಲಿ ಡಾ. ಅರ್ಜುನ್ ಕಲ್ಯಾಣಪುರ ಮತ್ತು ಡಾ. ಸುನೀತಾ ಮಾಹೇಶ್ವರಿ ಬೆಂಗಳೂರಿನಲ್ಲಿ ಟೆಲಿರೇಡಿಯಾಲಜಿ ಸಂಸ್ಥೆ ಕಟ್ಟಿದರು. ಇಲ್ಲಿ ನಡುರಾತ್ರಿ ತೆಗೆದ ಸ್ಕ್ಯಾನನ್ನು ಅಲ್ಲಿ ಹಗಲು ಹೊತ್ತಿನಲ್ಲಿ ಓದುವ ಅನುಕೂಲ.

ಈಗ ಫೈಬರ್ ಇದರ ನೂರಾರು ಪಟ್ಟು ವೇಗ ಕೊಡುತ್ತದೆ. ಬ್ರಿಟನ್ನಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ಹೊಸ ಐಎಸ್‌ಡಿಎನ್ ಮಾರಾಟವನ್ನೇ ನಿಲ್ಲಿಸಿದರು. ಆದರೆ ಟಿ-1 ಕೊಂಡವರು ಹಣ ತೆತ್ತದ್ದು ಬರೀ ವೇಗಕ್ಕಲ್ಲ. ನೆರೆಯವರೊಡನೆ ಹಂಚಿಕೆಯಿಲ್ಲ, ಹೋಗುವ ವೇಗವೂ ಬರುವ ವೇಗವೂ ಒಂದೇ, ಕೆಟ್ಟರೆ ಇಷ್ಟು ತಾಸಿನಲ್ಲಿ ರಿಪೇರಿ ಎಂಬ ಕರಾರು. ಅಗ್ಗದ ಇಂಟರ್ನೆಟ್ ಸಂಪರ್ಕದಲ್ಲಿ ಸಾಮಾನ್ಯವಾಗಿ ಈ ಮೂರೂ ಇರುವುದಿಲ್ಲ. ಆದ್ದರಿಂದ ಮೊದಲು ಕೇಳಬೇಕಾದದ್ದು ಮೆಗಾಬಿಟ್ ಎಷ್ಟು ಎಂದಲ್ಲ. ರಿಪೇರಿಯ ಗಡುವು ಕರಾರಿನಲ್ಲಿ ಬರಹದಲ್ಲಿದೆಯೆ, ತಪ್ಪಿದರೆ ದಂಡವೆಷ್ಟು ಎಂದು. ಹಳೆಯ ತಾಮ್ರದ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು. ಗಾಜಿನ ತಂತಿಯಲ್ಲಿ ಅದು ಬಾರದು, ಹಾಗಾಗಿ ಬ್ಯಾಟರಿಯ ಏರ್ಪಾಡು ನಾವೇ ಮಾಡಬೇಕು. ಎರಡನೆಯ ಲೈನ್ ತೆಗೆದುಕೊಳ್ಳುವವರು ಅದು ಬೇರೆ ದಾರಿಯಿಂದ ಬರುತ್ತದೆಯೇ ಎಂದು ವಿಚಾರಿಸಲಿ. ಒಂದೇ ಕಾಲುವೆಯಲ್ಲಿ ಮಲಗಿದ ಎರಡು ತಂತಿಗಳನ್ನು ಅಗೆಯುವ ಯಂತ್ರ ಒಂದೇ ಏಟಿಗೆ ಕತ್ತರಿಸುತ್ತದೆ.