ಮೊದಲ ಕೋರ್ಸಿನ ಪ್ರಾಜೆಕ್ಟು: ಸಿಯಾಟಲ್‌ನ ಎರಡು ಹಾದಿ

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಬಹುಕಾಲ ಕೊನೆಯ ವರ್ಷದ ಮಾತಾಗಿತ್ತು. ಮೊದಲ ವರ್ಷದವರ ಪಾಲಿಗೆ ಲ್ಯಾಬಿನ ನಿಗದಿತ ಪ್ರೋಗ್ರಾಮುಗಳು ಮತ್ತು ಅವನ್ನು ಬರೆದಿಡುವ ರೆಕಾರ್ಡ್ ಪುಸ್ತಕ, ಅಷ್ಟೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಜೆಕ್ಟು ಮೊದಲ ಕೋರ್ಸಿಗೇ ಬಂತು. ಬಂದದ್ದು ಎರಡು ಹಾದಿಯಲ್ಲಿ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಏಳುವ ಪ್ರಶ್ನೆ ಒಂದೇ: ಏನನ್ನು ಕಟ್ಟಬೇಕೆಂದು ತೀರ್ಮಾನಿಸುವವರು ಯಾರು?

ಮೊದಲ ಹಾದಿ ಕಂಪ್ಯೂಟರ್ ವಿಜ್ಞಾನವನ್ನು ಮುಖ್ಯ ವಿಷಯವಾಗಿ ಓದದವರದು. ಮಾಹಿತಿ ತಂತ್ರಜ್ಞಾನದಲ್ಲಿ ಎಲ್ಲರಿಗೂ ಇರಬೇಕಾದ ಪರಿಣತಿಯನ್ನು ಕುರಿತು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1999ರಲ್ಲಿ ಒಂದು ವರದಿ ಹೊರತಂದಿತು. ಅದರ ಸಮಿತಿಯ ಅಧ್ಯಕ್ಷರು ಇದೇ ವಿಶ್ವವಿದ್ಯಾಲಯದ ಲಾರೆನ್ಸ್ ಸ್ನೈಡರ್. ಸಾಫ್ಟ್‌ವೇರ್ ಬಳಸುವ ಕೌಶಲ ಬೇಗ ಹಳತಾಗುತ್ತದೆ. ಹಾಗಾಗಿ ಕೌಶಲ, ಪರಿಕಲ್ಪನೆ, ಬೌದ್ಧಿಕ ಸಾಮರ್ಥ್ಯ ಮೂರೂ ಬೇಕು ಎಂದ ವರದಿ, ಒಂದೊಂದರಲ್ಲೂ ಹತ್ತು ಅಂಶಗಳನ್ನು ಗುರುತಿಸಿತು. ಮೂರನ್ನೂ ಬೆಸೆಯಲು ಅದು ಸೂಚಿಸಿದ್ದು ಪ್ರಾಜೆಕ್ಟನ್ನು.

ಇದೇ ಚೌಕಟ್ಟಿನಲ್ಲಿ ಬರೆದ ಪಠ್ಯಪುಸ್ತಕದಲ್ಲಿ ಸ್ನೈಡರ್ ಜಾವಾಸ್ಕ್ರಿಪ್ಟ್ ಕಲಿಸಲು ಕಾಫಿ ಅಂಗಡಿಯ ಬಿಲ್ಲನ್ನು ಆರಿಸಿಕೊಂಡರು. ಯಾವ ಪೇಯ, ಎಷ್ಟು ಔನ್ಸ್, ಎಷ್ಟು ಶಾಟ್, ಅದರ ಮೇಲೆ ತೆರಿಗೆ. ಸ್ಟಾರ್‌ಬಕ್ಸ್ ಹುಟ್ಟಿದ ಊರಿಗೆ ಇದಕ್ಕಿಂತ ಒಪ್ಪುವ ಉದಾಹರಣೆ ಬೇಕೆ! ಎಸ್‌ಪ್ರೆಸೊಗೊಂದು ದರ, ಲಾಟೆಗೊಂದು ದರ ಎಂದಾಗ 'ಇಫ್' ಏಕೆ ಬೇಕೆಂದು ಬೇರೆ ವಿವರಿಸಬೇಕಾಗಿಲ್ಲ.

ಎರಡನೆಯ ಹಾದಿ ಪ್ರೋಗ್ರಾಮಿಂಗ್ ಕಲಿಯಲೆಂದೇ ಬಂದವರದು. 2004ರಲ್ಲಿ ಇಲ್ಲಿಗೆ ಬಂದ ಸ್ಟುವರ್ಟ್ ರೀಜಸ್ ಸಿಎಸ್‌ಇ 142 ಎಂಬ ಜಾವಾ ಕೋರ್ಸಿಗೆ ಹೊಸ ರೂಪ ಕೊಟ್ಟರು. ಅದರ ಒಂದು ಅಸೈನ್‌ಮೆಂಟಿನಲ್ಲಿ, 1962ರ ವಿಶ್ವಮೇಳಕ್ಕೆಂದು ಎದ್ದ ಸ್ಪೇಸ್ ನೀಡಲ್ ಗೋಪುರವನ್ನು ಬರೀ ಅಕ್ಷರ, ಚಿಹ್ನೆಗಳಿಂದ ಪರದೆಯ ಮೇಲೆ ಮೂಡಿಸಬೇಕಿತ್ತು. ಲೂಪಿನೊಳಗೆ ಲೂಪು ಹೆಣೆಯಬೇಕು. ಒಂದು ಸ್ಥಿರಾಂಕ ಬದಲಿಸಿದರೆ ಇಡೀ ಗೋಪುರ ಹಿಗ್ಗಬೇಕು, ಕುಗ್ಗಬೇಕು. ಚಿತ್ರ ಮಾತ್ರ ಎಲ್ಲರದೂ ಒಂದೇ.

ಇದು ಪ್ರಾಜೆಕ್ಟೇ? 1918ರಲ್ಲಿ ಪ್ರಾಜೆಕ್ಟ್ ವಿಧಾನವನ್ನು ಪ್ರತಿಪಾದಿಸಿದ ವಿಲಿಯಂ ಕಿಲ್‌ಪ್ಯಾಟ್ರಿಕ್ ಬಹುಶಃ ಒಪ್ಪುತ್ತಿರಲಿಲ್ಲ. ಕೆಲಸದ ಉದ್ದೇಶ ಕಲಿಯುವವನದೇ ಆಗಿರಬೇಕೆಂಬುದು ಅವರ ನಿಲುವು. ಆದರೆ ನೂರಾರು ಮಂದಿ ಕೂರುವ ತರಗತಿಯಲ್ಲಿ ಮೌಲ್ಯಮಾಪನದ ಭಾರವೇ ಬೇರೆ. ರೀಜಸ್ ಕೋರ್ಸಿನಲ್ಲಿ ಸ್ವಂತಿಕೆಗೆ ಜಾಗ ಸಿಕ್ಕಿದ್ದು 'ಕ್ರಿಟರ್ಸ್' ಅಸೈನ್‌ಮೆಂಟಿನಲ್ಲಿ ಎಂದು ನನ್ನ ಅಂದಾಜು. ಅಲ್ಲಿ ವಿಶ್ವವಿದ್ಯಾಲಯದ ಲಾಂಛನವಾದ ಹಸ್ಕಿ ನಾಯಿಯ ಹೆಸರಿನ ಕ್ಲಾಸನ್ನು ಪ್ರತಿಯೊಬ್ಬರೂ ತಮ್ಮದೇ ತಂತ್ರದಿಂದ ಬರೆದು, ಬೇರೆ ಪ್ರಾಣಿಗಳ ಎದುರು ಸೆಣಸಲು ಬಿಡುತ್ತಿದ್ದರು. 2022ರಲ್ಲಿ 121, 122, 123 ಎಂಬ ಮೂರು ಕೋರ್ಸುಗಳು 142 ಸೇರಿದ್ದ ಹಳೆಯ ಸರಣಿಯ ಜಾಗಕ್ಕೆ ಬಂದವು.

ಸ್ನೈಡರ್ ಹಿಡಿದ ಹಾದಿ ಇನ್ನೂ ಮುಂದೆ ಹೋಯಿತು. ಎಲ್ಲರಿಗೂ ಎಂದೇ ರೂಪಿಸಿದ ಕಂಪ್ಯೂಟರ್ ಸೈನ್ಸ್ ಪ್ರಿನ್ಸಿಪಲ್ಸ್ ಎಂಬ ಕೋರ್ಸನ್ನು 2010–11ರಲ್ಲಿ ಪ್ರಾಯೋಗಿಕವಾಗಿ ನಡೆಸಿದ ಐದು ವಿದ್ಯಾಸಂಸ್ಥೆಗಳಲ್ಲಿ ವಾಷಿಂಗ್ಟನ್ ಕೂಡ ಒಂದು. 2016ರಲ್ಲಿ ಅದು ಹೈಸ್ಕೂಲುಗಳಲ್ಲಿ ದೇಶವ್ಯಾಪಿ ಎಪಿ ಕೋರ್ಸಾಯಿತು, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ಏನು ಕಟ್ಟಬೇಕೆಂಬ ಆಯ್ಕೆ ಕೊನೆಗೂ ವಿದ್ಯಾರ್ಥಿಯ ಕೈಗೆ ಬಂತು. ಆದರೆ ಅಂಕ ಕೊಡುವ ಮಾನದಂಡವೂ ಹಿಂದೆಯೇ ಬಂತು: 2020–21ರ ಪರಿಷ್ಕರಣೆಯ ಪ್ರಕಾರ ವಿದ್ಯಾರ್ಥಿ ತಾನೇ ಆರಿಸಿ ಬರೆಯುವ ಪ್ರೋಗ್ರಾಮಿನಲ್ಲಿ ಒಂದು ಲಿಸ್ಟ್, ಪ್ಯಾರಾಮೀಟರ್ ಇರುವ ಒಂದು ಪ್ರೊಸೀಜರ್, ಷರತ್ತು, ಪುನರಾವರ್ತನೆ ಇರಲೇಬೇಕು.