ತಾಲ್ಲೂಕುವಾರು ಬಣ್ಣದ ನಕ್ಷೆ: ಬರೆಯೋದು ಹೇಗೆ, ಓದೋದು ಹೇಗೆ?

ಹಚ್ಚೊಳ್ಳಿ: ಮಳೆ, ಬೆಳೆ, ಸಾಕ್ಷರತೆ, ಮತದಾನ - ಯಾವ ಸುದ್ದಿ ಬಂದರೂ ಜೊತೆಗೊಂದು ಬಣ್ಣದ ನಕ್ಷೆ ಮೊಬೈಲ್‌ಗೆ ಬರ್ತದೆ. ಒಂದು ತಾಲ್ಲೂಕು ಗಾಢ, ಇನ್ನೊಂದು ತಿಳಿ. 1826ರಲ್ಲಿ ಫ್ರಾನ್ಸಿನ ಶಾರ್ಲ್ ದ್ಯುಪಾಂ ಶಾಲಾ ಶಿಕ್ಷಣದ ಬಗ್ಗೆ ಇಂಥ ನಕ್ಷೆ ಮೊದಲು ಬರೆದರು. ಈಗ ‘ಆರ್’ ಎಂಬ ಉಚಿತ ಪ್ರೋಗ್ರಾಮಿಂಗ್ ಭಾಷೆ ಕಲಿತರೆ ಮನೆಯ ಲ್ಯಾಪ್‌ಟಾಪ್‌ನಲ್ಲೇ ಮಾಡಬಹುದು.

ಏನೇನು ಬೇಕು?

ಎರಡು ಫೈಲ್ ಸಾಕು. ಒಂದು, ತಾಲ್ಲೂಕುಗಳ ಗಡಿ ಇರುವ ಶೇಪ್‌ಫೈಲ್. ಇನ್ನೊಂದು, ಅಂಕಿ-ಅಂಶಗಳ ಪಟ್ಟಿ. ಆರ್‌ನ ‘ಎಸ್‌ಎಫ್’ ಪ್ಯಾಕೇಜ್ ಗಡಿಯನ್ನು ಓದ್ತದೆ. ಎರಡನ್ನೂ ಜೋಡಿಸಿದ ಮೇಲೆ ‘ಜಿಜಿಪ್ಲಾಟ್2’ ಬಣ್ಣ ತುಂಬ್ತದೆ.

ಎಡವೋದು ಎಲ್ಲಿ?

ಮೊದಲನೆಯದು ಹೆಸರು. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದಕ್ಷರ ಬದಲಾದರೂ ಕಂಪ್ಯೂಟರಿಗೆ ಅದು ಬೇರೆ ಊರು. ಬಳ್ಳಾರಿಯ ಸ್ಪೆಲ್ಲಿಂಗ್ 2014ರ ನವೆಂಬರ್ 1ರಿಂದ ಬದಲಾಗಿದೆ. ಹಳೇ ಫೈಲ್‌ಗಳಲ್ಲಿ ಹಳೆಯದೇ ಇದೆ. ಹೊಂದಾಣಿಕೆ ಆಗದಿದ್ದರೆ ಆ ಜಾಗ ಬೂದು ಬಣ್ಣಕ್ಕೆ ತಿರುಗ್ತದೆ. ಹೆಸರಿನ ಬದಲು ಜನಗಣತಿ ಕೋಡ್ ಬಳಸೋದು ಒಳ್ಳೇದು.

ಎರಡನೆಯದು ಗಡಿ. 2011ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಗೆ 7 ತಾಲ್ಲೂಕು. ಆಗ ಕುರುಗೋಡು ಬಳ್ಳಾರಿ ತಾಲ್ಲೂಕಿನಲ್ಲಿತ್ತು, ಕಂಪ್ಲಿ ಹೊಸಪೇಟೆ ತಾಲ್ಲೂಕಿನಲ್ಲಿತ್ತು. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯ್ತು. ಈಗ ಉಳಿದದ್ದು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು - ಐದೇ. ಹಳೇ ತಾಲ್ಲೂಕು ಅಂಕಿಯನ್ನು ಇಂದಿನ ನಕ್ಷೆಗೆ ಹಾಕಿದರೆ ಕುರುಗೋಡು, ಕಂಪ್ಲಿ ಖಾಲಿ ಕಾಣ್ತವೆ. ಕುರುಗೋಡಿನವರ ಲೆಕ್ಕವೂ ಬಳ್ಳಾರಿಯ ಬಣ್ಣದಲ್ಲೇ ಸೇರಿಬಿಡ್ತದೆ. ಹಳ್ಳಿವಾರು ಅಂಕಿ ತೆಗೆದುಕೊಂಡು ಇಂದಿನ ತಾಲ್ಲೂಕಿಗೆ ತಕ್ಕಂತೆ ಕೂಡಿಸೋದೇ ಸರಿಯಾದ ದಾರಿ.

ನೋಡುವಾಗ ಕೇಳಬೇಕಾದ 3 ಪ್ರಶ್ನೆ

1. ಒಟ್ಟು ಸಂಖ್ಯೆಯೋ, ಶೇಕಡಾವಾರೋ? ಅಂಗಡಿ, ಬೈಕ್, ರೋಗಿಗಳು - ಒಟ್ಟು ಏನೇ ಎಣಿಸಿದರೂ ನಗರ ಇರುವ ಬಳ್ಳಾರಿ ತಾಲ್ಲೂಕೇ ಗಾಢವಾಗೋದು ಸಹಜ. ಜನಸಂಖ್ಯೆಗೆ ಭಾಗಿಸಿದ ಮೇಲಷ್ಟೇ ಹೋಲಿಕೆ ಸಾಧ್ಯ.

2. ಬಣ್ಣ ಎಲ್ಲಿ ಬದಲಾಗ್ತದೆ? ಶೇ 60ಕ್ಕೆ ಗೆರೆ ಎಳೆದರೆ 59 ತಿಳಿ, 61 ಗಾಢ. ನಿಜವಾದ ಅಂತರ ಎರಡೇ.

3. ಅಂಕಿ ಯಾವ ವರ್ಷದ್ದು, ಗಡಿ ಯಾವ ವರ್ಷದ್ದು?

ಇನ್ನೊಂದು ಮಾತು. ಸಿರುಗುಪ್ಪ ತಾಲ್ಲೂಕಿಗೆಲ್ಲ ಒಂದೇ ಬಣ್ಣ ಹಚ್ಚಿದರೆ, ತುಂಗಭದ್ರಾ ನೀರು ಹರಿಯುವ ಭತ್ತದ ಗದ್ದೆಗೂ ಮಳೆ ನಂಬಿದ ಎರೆಹೊಲಕ್ಕೂ ಅದೇ ಬಣ್ಣ. ಬರ ಪರಿಹಾರ, ಶಾಲೆ, ಆಸ್ಪತ್ರೆ ಅಂತ ಸಭೆಯಲ್ಲಿ ಇಂಥ ನಕ್ಷೆ ತೋರಿಸಿದರೆ, ಗ್ರಾಮ ಪಂಚಾಯಿತಿವಾರು ನಕ್ಷೆ ಕೇಳಿ. ಸರಾಸರಿಯಲ್ಲಿ ಮುಚ್ಚಿಹೋದ ಊರು ಆಗ ಕಾಣ್ತದೆ.